ಹೆಸರು ಮೊದಲು, ಎತ್ತರ ಆಮೇಲೆ

ಬೆಟ್ಟಕ್ಕೆ ಹೆಸರು ಸಾಮಾನ್ಯವಾಗಿ ಬರುವುದು ಅದರ ಬುಡದಲ್ಲಿ ಬಾಳಿದವರ ಬಾಯಿಂದ. ಬುಡದಲ್ಲಿ ಯಾರೂ ಬಾಳದ ಬೆಟ್ಟಕ್ಕೆ ಹೆಸರಿಡುವವರು ಯಾರು? ಅಂಟಾರ್ಕ್ಟಿಕ ಖಂಡದ ಅತ್ಯುನ್ನತ ಶಿಖರ ವಿನ್ಸನ್‌ನ ಕಥೆ ಕೇಳಿ.

ದಕ್ಷಿಣ ಧ್ರುವದಿಂದ ಸುಮಾರು 1,200 ಕಿಲೋಮೀಟರ್ ದೂರದಲ್ಲಿ ಸೆಂಟಿನೆಲ್ ಎಂಬ ಪರ್ವತಸಾಲಿದೆ. 1935ರ ನವೆಂಬರಿನಲ್ಲಿ ಲಿಂಕನ್ ಎಲ್ಸ್‌ವರ್ತ್ ವಿಮಾನದಲ್ಲಿ ಹಾರುತ್ತ ಈ ಸಾಲನ್ನು ಕಂಡರು. ಆದರೆ ಮೋಡ ಕವಿದಿದ್ದರಿಂದ ಖಂಡದ ತುತ್ತತುದಿಯೇ ಅವರ ಕಣ್ಣಿಗೆ ಬೀಳಲಿಲ್ಲ! ಅಮೆರಿಕ ನೌಕಾಪಡೆಯ ವಿಮಾನ ಅದನ್ನು ಗುರುತಿಸಿದ್ದು 1958ರ ಜನವರಿಯಲ್ಲಿ. ಅಮೆರಿಕದ ನಾಮಕರಣ ಸಮಿತಿ ಅದಕ್ಕೆ ಕಾರ್ಲ್ ವಿನ್ಸನ್ ಹೆಸರಿಟ್ಟಿತು. ಅವರು ಜಾರ್ಜಿಯಾ ರಾಜ್ಯದ ಸಂಸದರು, ಅಂಟಾರ್ಕ್ಟಿಕ ಶೋಧನೆಗೆ ಸಂಸತ್ತಿನಲ್ಲಿ ಬೆಂಬಲವಾಗಿ ನಿಂತವರು.

ಹೆಸರೇನೋ ಬಂತು. ಎತ್ತರ? ಮೊದಮೊದಲ ಲೆಕ್ಕ 5,140 ಮೀಟರ್. ಮೋಜಣಿದಾರ ದೂರದಲ್ಲಿ ನಿಂತು, ಶಿಖರದ ತುದಿಗೆ ಥಿಯೋಡೊಲೈಟ್ ಹಿಡಿದು, ಕೋನ ಅಳೆದು ಗುಣಿಸುತ್ತಾನೆ. 50 ಕಿಲೋಮೀಟರ್ ದೂರದಿಂದ ಕೋನದಲ್ಲಿ ಒಂದು ಡಿಗ್ರಿಯ ಹತ್ತನೇ ಒಂದು ಭಾಗ ತಪ್ಪಿದರೂ ಎತ್ತರದಲ್ಲಿ ಸುಮಾರು 87 ಮೀಟರ್ ವ್ಯತ್ಯಾಸ ಬರುತ್ತದೆ. ಸಾಲದೆಂಬಂತೆ, ಹಿಮದ ಮೇಲಿನ ತಣ್ಣನೆಯ ಗಾಳಿಯ ಪದರಗಳು ಬೆಳಕಿನ ಕಿರಣವನ್ನೇ ಬಾಗಿಸುತ್ತವೆ. ದೂರದ ಬೆಟ್ಟ ನುಣ್ಣಗೆ ಎನ್ನುತ್ತೇವಲ್ಲ, ಅಲ್ಲಿ ಅದು ಎತ್ತರವಾಗಿಯೂ ಕಾಣಬಹುದು.

1966ರ ಡಿಸೆಂಬರ್ 18ರಂದು ನಿಕೋಲಸ್ ಕ್ಲಿಂಚ್ ನಾಯಕತ್ವದ ತಂಡ ಮೊದಲ ಬಾರಿಗೆ ತುದಿ ಮುಟ್ಟಿದಾಗಲೂ ಹಳೆಯ ಲೆಕ್ಕವೇ ಚಾಲ್ತಿಯಲ್ಲಿತ್ತು. 1979-80ರ ಮೋಜಣಿ ಅದನ್ನು 4,897ಕ್ಕೆ ಇಳಿಸಿತು. 2004ರಲ್ಲಿ ಜಿಪಿಎಸ್ ಉಪಕರಣವನ್ನೇ ಶಿಖರಕ್ಕೆ ಹೊತ್ತೊಯ್ದು ಅಳೆದಾಗ ಸಿಕ್ಕಿದ್ದು 4,892 ಮೀಟರ್. ಬೆಟ್ಟ ನಿಂತಲ್ಲೇ ನಿಂತು 248 ಮೀಟರ್ ಕುಗ್ಗಿತು ಅನ್ನಿ!

ಹೆಸರನ್ನು ಮಾತ್ರ ಯಾರೂ ತಿದ್ದಲಿಲ್ಲ. 2006ರಲ್ಲಿ ಅದೇ ಸಮಿತಿ, ಇಡೀ ಪರ್ವತಸ್ತೋಮಕ್ಕಿದ್ದ ವಿನ್ಸನ್ ಹೆಸರನ್ನು ಅದರ ಅತ್ಯುನ್ನತ ಶಿಖರಕ್ಕೂ ಪ್ರತ್ಯೇಕವಾಗಿ ಕೊಟ್ಟಿತು. ಇಲ್ಲಿ ಯಾರ ಹಳೆಯ ಹೆಸರನ್ನೂ ಕಿತ್ತುಕೊಂಡಿಲ್ಲ, ನಿಜ. 1865ರಲ್ಲಿ ಎವರೆಸ್ಟ್ ಹೆಸರು ಅಧಿಕೃತವಾದಾಗ ಟಿಬೆಟ್ಟಿನವರ ಚೊಮೊಲುಂಗ್ಮ ಬದಿಗೆ ಸರಿಯಿತು. ತಮ್ಮ ಹೆಸರಿಡುವುದಕ್ಕೆ ಸ್ವತಃ ಜಾರ್ಜ್ ಎವರೆಸ್ಟ್ ಅವರ ಆಕ್ಷೇಪವೇ ಇತ್ತು. ಆದರೂ ನನ್ನ ಮನಸ್ಸು ಒಪ್ಪದ ಸಂಗತಿಯೊಂದಿದೆ. ವಿಮಾನ ವಿನ್ಸನ್ ಶಿಖರವನ್ನು ಗುರುತಿಸಿದ ಆ 1957-58ರ ಋತುವಿನಲ್ಲೇ ಚಾರ್ಲ್ಸ್ ಬೆಂಟ್ಲಿ ಎಂಬ ಭೂಭೌತ ವಿಜ್ಞಾನಿಯ ತಂಡ ಹಿಮದ ಮೇಲೆ ಪಯಣಿಸಿ ಸೆಂಟಿನೆಲ್ ಸಾಲನ್ನು ಮುಟ್ಟಿತ್ತು. ಬೆಂಟ್ಲಿ ಅವರ ಹೆಸರೂ ನಕ್ಷೆಯಲ್ಲಿದೆ; ಅದೇ ಸಾಲಿನ ಇನ್ನೊಂದು, ವಿನ್ಸನ್‌ಗಿಂತ ತಗ್ಗಿನ ಶಿಖರಕ್ಕೆ.