ಕೇಳದೆ ಉಳಿದ ತಟ್ಟೆಗಳು

ಕೊರಟಗೆರೆಯಲ್ಲಿ ನಮ್ಮ ಸೋದರಮಾವನವರ ಮನೆಯ ಅಟ್ಟದ ಮೇಲೆ ತಗಡಿನ ಪೆಟ್ಟಿಗೆಯೊಂದಿತ್ತು. ಅದರಲ್ಲಿ ಹಳೆಯ ಪಂಚಾಂಗಗಳ ನಡುವೆ 28 ಗ್ರಾಮಫೋನ್ ತಟ್ಟೆಗಳು: ಚೌಡಯ್ಯನವರ ಪಿಟೀಲು, ನಮ್ಮ ಜಿಲ್ಲೆಯದೇ ಆದ ಗುಬ್ಬಿ ಕಂಪನಿಯ ರಂಗಗೀತೆಗಳು, ಒಂದೆರಡು ಹರಿಕಥೆಯ ತುಣುಕುಗಳು. ಇಂಥವಕ್ಕೆ ಈಗ ಬಹಳ ಬೆಲೆಯಂತೆ ಎಂದು ಯಾರೋ ಹೇಳಿದ್ದರಿಂದ, ಅವನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಬೆಂಗಳೂರಿನ ವ್ಯಾಪಾರಿಯೊಬ್ಬರ ಮುಂದಿಟ್ಟೆ. ಅವರು ಒಂದೊಂದನ್ನೂ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ 27ನ್ನು ಹಿಂದಕ್ಕೆ ಸರಿಸಿದರು. "ಚೆನ್ನಾಗಿ ಕೇಳಿಬಿಟ್ಟಿದ್ದೀರಿ ಸ್ವಾಮಿ" ಎಂದರು. ಅವರು ಕೊಳ್ಳಲೊಪ್ಪಿದ ಒಂದೇ ಒಂದು ತಟ್ಟೆ, ನಮ್ಮ ಮನೆಯಲ್ಲಿ ಯಾರಿಗೂ ರುಚಿಸದೆ ಒಮ್ಮೆ ಹಾಕಿ ಎತ್ತಿಟ್ಟಿದ್ದ ಶಹನಾಯಿಯದು.

ಇದರ ಮರ್ಮವನ್ನು ಅಂದೇ ಯೋಚಿಸತೊಡಗಿದೆ. ನಿಮಿಷಕ್ಕೆ 78 ಸುತ್ತು ತಿರುಗುವ ಆ ಕಾಲದ ತಟ್ಟೆ, ಅರಗಿಗೆ ಕಲ್ಲಿನ ಪುಡಿ ಬೆರೆಸಿ ಅಚ್ಚೊತ್ತಿದ್ದು. ಮಗ್ಗುಲೊಂದಕ್ಕೆ ಮೂರು ನಿಮಿಷ ಚಿಲ್ಲರೆ ಸಂಗೀತ. ಅದರ ಮೇಲೆ ಓಡುವುದು ಉಕ್ಕಿನ ಮುಳ್ಳು. ಪ್ರತಿ ಮಗ್ಗುಲಿಗೂ ಹೊಸ ಮುಳ್ಳು ಹಾಕಬೇಕೆಂಬುದು ನಿಯಮವಾಗಿತ್ತು. ಮಧುಗಿರಿಯಲ್ಲಾಗಲಿ ಶಿರಾದಲ್ಲಾಗಲಿ ಅದನ್ನು ಪಾಲಿಸಿದ ಮನೆಯನ್ನು ನಾನು ಕಾಣೆ! ಕಡಲೆಕಾಯಿ ಬೆಳೆ ಕೈಹಿಡಿದ ವರ್ಷ ಪಾವಗಡದ ಕಡೆಯ ಮದುವೆಮನೆಗಳಲ್ಲಿ ಅದೇ ಹತ್ತು ಹಾಡುಗಳು ಹಗಲಿರುಳೂ ತಿರುಗುತ್ತಿದ್ದವು. ಹೀಗೆ ಯಾವ ಹಾಡನ್ನು ಜನ ಮೆಚ್ಚಿದರೋ ಅದರ ಗೀರುಗಳೇ ಮೊದಲು ಸವೆದವು. ಕೈಜಾರಿದರೆ ತಟ್ಟೆಯೇ ಚೂರು.

1948ರಲ್ಲಿ ಅಮೆರಿಕದಲ್ಲಿ ಬಂದ ವಿನೈಲ್ ತಟ್ಟೆ ಅಷ್ಟು ಸುಲಭವಾಗಿ ಒಡೆಯುವುದಿಲ್ಲ. ಅಲ್ಲಿ ಅಭಾವಕ್ಕೆ ಕಾರಣ ಬೇರೆ. ಹಂಗೇರಿಯನ್ ಪಿಟೀಲುವಾದಕಿ ಯೋಹಾನ್ನಾ ಮಾರ್ಟ್ಸಿ (1924–1979) ಬಾಖನ ಒಂಟಿ ಪಿಟೀಲಿನ ಕೃತಿಗಳನ್ನು 1954–55ರಲ್ಲಿ ಕೊಲಂಬಿಯಾಕ್ಕಾಗಿ ನುಡಿಸಿದರು. ಮೂರು ತಟ್ಟೆಗಳು. ಮಾರಾಟವಾದದ್ದು ಸ್ವಲ್ಪವೇ. ಇಂದು ಆ ಮೊದಲ ಮುದ್ರಣದ ಮೂರಕ್ಕೆ ಸಂಗ್ರಾಹಕರು ಸಾವಿರಾರು ಪೌಂಡು ತೆರುತ್ತಾರೆ. ಅಂದು ಜನ ಮುಗಿಬಿದ್ದಿದ್ದರೆ ಇಂದು ಈ ಬೆಲೆ ಇರುತ್ತಿರಲಿಲ್ಲ.

ಮೊದಲ ಮುದ್ರಣವೇ ಏಕೆ ಬೇಕು? ಲೋಹದ ಅಚ್ಚು ಒತ್ತುತ್ತ ಒತ್ತುತ್ತ ಸವೆಯುತ್ತದೆ. ಮೂಲ ಟೇಪೂ ವರ್ಷಗಳು ಕಳೆದಂತೆ ಸೊರಗುತ್ತದೆ. ಆದ್ದರಿಂದ ಆರಂಭದ ಪ್ರತಿಯಲ್ಲಿ ನಾದ ಹೆಚ್ಚು ನಿಚ್ಚಳವೆಂಬ ಮಾತು ಸುಳ್ಳಲ್ಲ. ಆದರೆ ನಡುವಣ ಚೀಟಿಯ ಬಣ್ಣ ನೋಡಿ ಬೆಲೆ ಕಟ್ಟುವವರೂ ಇದ್ದಾರೆ. ಅದು ಶ್ರವಣಸುಖವಲ್ಲ, ಅಂಚೆಚೀಟಿ ಕೂಡಿಸುವ ಖಯಾಲಿ.

ನನ್ನ ಅಳಲು ಇನ್ನೊಂದು. ನಮ್ಮ ಹಳೆಯ ತಟ್ಟೆಗಳ ಮೂಲ ಅಚ್ಚುಗಳು ಎಷ್ಟೋ ಕಳೆದುಹೋಗಿವೆ. ಅಂಥ ಹಾಡಿಗೆ ಯಾರದೋ ಮನೆಯಲ್ಲಿ ಸವೆದು ಉಳಿದ ತಟ್ಟೆಯೇ ಏಕೈಕ ದಾಖಲೆಯಾಗಿರಬಹುದು. ಪೇಟೆಯಲ್ಲಿ ಅದಕ್ಕೆ ಬೆಲೆಯಿಲ್ಲವೆಂದು ಗುಜರಿಯವನಿಗೆ ತೂಕಕ್ಕೆ ಹಾಕಿದರೆ, ದುಡ್ಡು ಕೊಟ್ಟರೂ ಆ ಕಂಠ ಮರಳುವುದಿಲ್ಲ.

ಶಹನಾಯಿಯ ತಟ್ಟೆಯನ್ನು ಕೊಟ್ಟೆ. ಉಳಿದ 27 ನನ್ನೊಡನೆ ಕೊರಟಗೆರೆಯ ಬಸ್ಸು ಹತ್ತಿದವು. ಚೌಡಯ್ಯನವರ ತಟ್ಟೆಯೊಂದರಲ್ಲಿ ಒಂದೆಡೆ ಮುಳ್ಳು ಎಗರುತ್ತದೆ. ಅಲ್ಲಿಗೆ ಬಂದಾಗ ಮಾವನವರು ಬೆರಳ ತುದಿಯಿಂದ ಮೆಲ್ಲಗೆ ಒತ್ತಿ ದಾಟಿಸುತ್ತಿದ್ದರು. ಈಗ ನಾನು ಒತ್ತುತ್ತೇನೆ.