ನಮ್ಮ ಹೊಲಕ್ಕೆ ನಾವೇ ಸಾಕ್ಷಿ
(ಮಹಿಳಾ ಸಂಘದ ಸಭೆಯಲ್ಲಿ ಆಡಿದ ಮಾತು)

ಅಕ್ಕಂದಿರೇ, ತಂಗಿಯರೇ,



ನಾವು ಹೊಲಕ್ಕೆ ಕೊಟ್ಟಿಗೆ ಗೊಬ್ಬರ ಹಾಕ್ತೀವಿ. ಯೂರಿಯಾ ಹಾಕಲ್ಲ. ವಿಷದ ಔಷಧಿ ಹೊಡೆಯಲ್ಲ. ಆ ರಾಗಿಯನ್ನು ಪೇಟೆಗೆ ಒಯ್ದರೆ ಏನು ಕೇಳ್ತಾರೆ? "ಇದು ಸಾವಯವ ಅನ್ನೋದಕ್ಕೆ ಸರ್ಟಿಫಿಕೇಟು ಎಲ್ಲಿ?" ಅಂತಾರೆ.

ಸರ್ಟಿಫಿಕೇಟು ಕೊಡುವ ಸಂಸ್ಥೆಗಳಿವೆ. ಅವರು ಬಂದು ಹೊಲ ನೋಡಲು ಹಣ ಕಟ್ಟಬೇಕು. ಒಂದೆರಡು ಎಕರೆ ಇರುವ ನಮಗೆ ಅದು ಭಾರ.

ಇನ್ನೊಂದು ದಾರಿ ಇದೆ. ಅದರ ಹೆಸರು ಪಿ.ಜಿ.ಎಸ್. ಅಂದರೆ ರೈತರೇ ಸೇರಿ ಒಬ್ಬರಿಗೊಬ್ಬರು ಖಾತರಿ ಕೊಡುವ ಪದ್ಧತಿ. ಕೇಂದ್ರ ಸರ್ಕಾರದ ಕೃಷಿ ಸಚಿವಾಲಯ ಇದನ್ನು ನಡೆಸುತ್ತದೆ. 2017ರ ಆಹಾರ ನಿಯಮವೂ ಇದನ್ನು ಒಪ್ಪಿದೆ. ನಮ್ಮ ದೇಶದ ಪೇಟೆಗೆ ಇದು ಸಾಕು.

ಇದು ಹೇಗೆ ನಡೆಯುತ್ತದೆ?

ಅಕ್ಕಪಕ್ಕದ ಕನಿಷ್ಠ 5 ರೈತರು ಗುಂಪು ಕಟ್ಟಬೇಕು. ನಿಯಮ ತಿಳಿದು ಪ್ರತಿಜ್ಞೆಗೆ ಸಹಿ ಹಾಕಬೇಕು. ಒಬ್ಬರ ಹೊಲವನ್ನು ಗುಂಪಿನ ಇತರರು ಹೋಗಿ ನೋಡಬೇಕು. ಬೀಜ ಎಲ್ಲಿಂದ ಬಂತು? ಯಾವ ಗೊಬ್ಬರ ಹಾಕಿದರು? ಪಕ್ಕದ ಹೊಲದ ಔಷಧಿ ಇಲ್ಲಿಗೆ ಹಾರಿ ಬರುತ್ತದೆಯೇ? ಎಲ್ಲ ಕೇಳಿ ಫಾರಂನಲ್ಲಿ ಬರೆಯಬೇಕು. ಗುಂಪು ಕೂತು ತೀರ್ಮಾನ ಮಾಡುತ್ತದೆ. ಪ್ರಾದೇಶಿಕ ಮಂಡಳಿ ಅದನ್ನು ನೋಡಿ ಒಪ್ಪಬೇಕು. ಆಮೇಲೆ ಸರ್ಟಿಫಿಕೇಟು. ಇನ್ನೂ ಬದಲಾಗುತ್ತಿರುವ ಹೊಲಕ್ಕೆ 'ಗ್ರೀನ್' ಗುರುತು. ಪೂರ್ತಿ ಬದಲಾದ ಹೊಲಕ್ಕೆ 'ಆರ್ಗ್ಯಾನಿಕ್' ಗುರುತು.

ಕಷ್ಟ ಎಲ್ಲಿದೆ ಗೊತ್ತಾ? ನಮ್ಮವರ ತಪ್ಪು ಕಂಡಾಗ ಬಾಯಿ ಬಿಟ್ಟು ಹೇಳೋದರಲ್ಲಿ.

ನನ್ನ ಕತೆಯನ್ನೇ ಹೇಳ್ತೀನಿ. ಒಂದು ವರ್ಷ ಪೈರು ಹಳದಿ ತಿರುಗಿತು. ನಮ್ಮ ಮನೆಯವರು ಹೊಲದ ಒಂದು ಮೂಲೆಗೆ ಯೂರಿಯಾ ಚೆಲ್ಲಿದರು. ನಾನು ಮುಚ್ಚಿಟ್ಟೆ. ಹೊಲ ನೋಡಲು ನನ್ನ ಓರಗಿತ್ತಿ ಬಂದಳು. ಆ ಮೂಲೆಯಲ್ಲಿ ಮಾತ್ರ ಪೈರು ಕಡುಹಸಿರು. "ಇದೇನಕ್ಕಾ?" ಅಂದಳು. ನನಗೆ ಸಿಟ್ಟು ಬಂತು. ಎರಡು ದಿನ ಮಾತು ಬಿಟ್ಟೆ. ಮೂರನೇ ದಿನ ಸಭೆಯಲ್ಲಿ ಎದ್ದು ನಿಂತು ನಿಜ ಹೇಳಿದೆ.

ಆ ವರ್ಷ ನನಗೆ ಸರ್ಟಿಫಿಕೇಟು ಸಿಗಲಿಲ್ಲ. ಆದರೆ ಗುಂಪಿನ ಮಾನ ಉಳಿಯಿತು. ಅವಳು ದಾಕ್ಷಿಣ್ಯಕ್ಕೆ ಸಹಿ ಹಾಕಿದ್ದರೆ? ಎಲ್ಲರ ಮಾತೂ ಸುಳ್ಳಾಗುತ್ತಿತ್ತು. ನಮ್ಮ ರಾಗಿಯನ್ನು ಯಾರು ನಂಬುತ್ತಿದ್ದರು?

ಅಕ್ಕಂದಿರೇ, ಈಗ ನೀವು ಅಕ್ಷರ ಕಲಿತಿದ್ದೀರಿ. ಫಾರಂ ನೀವೇ ಓದಿ. ಕಂಡದ್ದನ್ನೇ ಬರೆಯಿರಿ. ಆಮೇಲೆ ಸಹಿ ಹಾಕಿ. ಆ ಸಹಿಗೆ ಬೆಲೆ ಇದೆ.

ಹೇಳಿ, ನಮ್ಮೂರಲ್ಲಿ 5 ಜನ ಸಿಗ್ತಾರಾ?