ಸಿದ್ಧತೆಯ ಸಂಭ್ರಮ



ಮದುವೆಗಿಂತ ಮದುವೆಯ ಸಿದ್ಧತೆಯೇ ದೊಡ್ಡದಾಗುವುದು ನಮ್ಮಲ್ಲಿ ಹೊಸತಲ್ಲ. ಚಪ್ಪರದ ಗದ್ದಲದಲ್ಲಿ ಮುಹೂರ್ತವೇ ಮೀರಿಹೋದ ಮನೆಗಳುಂಟು. ನನ್ನ ಕಂಪ್ಯೂಟರಿನ ವಿಷಯದಲ್ಲಿಯೂ ಹಾಗೆಯೇ ಆಯಿತು.

ವಿಂಡೋಸ್ ೧೦ಕ್ಕೆ ತಯಾರಕರು ನೀಡುತ್ತಿದ್ದ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ಕ್ಕೆ ಕೊನೆಗೊಂಡಿತು. ಅದಕ್ಕೂ ಮುನ್ನವೇ ವಿಂಡೋಸ್ ೧೧ನ್ನು ಅಳವಡಿಸಿಕೊಳ್ಳಬೇಕೆಂದು ನಿಶ್ಚಯಿಸಿದೆ. ಬಲ್ಲ ಸ್ನೇಹಿತರೊಬ್ಬರು ಹದಿನಾಲ್ಕು ಸೂಚನೆಗಳ ಪಟ್ಟಿಯೊಂದನ್ನು ಬರೆದುಕೊಟ್ಟರು. ವ್ರತದ ವಿಧಿಯಂತೆ ಅದನ್ನು ಮೊದಲಿನಿಂದ ಆಚರಿಸತೊಡಗಿದೆ.

ಮೊದಲನೆಯದು, ಚದುರಿದ ಕಡತಗಳನ್ನು ಒಗ್ಗೂಡಿಸುವ ಡಿಫ್ರಾಗ್. ತಿರುಗುವ ತಟ್ಟೆಯ ಹಳೆಯ ಡಿಸ್ಕುಗಳಿಗೆ ಇದು ಸರಿಯಾದ ಮಾತೇ. ಅಲ್ಲಿ ಓದುವ ಭಾಗವು ತುಣುಕಿನಿಂದ ತುಣುಕಿಗೆ ಓಡಾಡಬೇಕಿತ್ತು. ನನ್ನ ಯಂತ್ರದ ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ. ಬೇರೊಂದು ತಂತ್ರಾಂಶ ತಂದು ನಾನು ಇಡೀ ದಿನ ನಡೆಸಿದ ಜೋಡಣೆಯಿಂದ ವೇಗ ಹೆಚ್ಚಲಿಲ್ಲ. ವೃಥಾ ಬರೆಹದಿಂದ ಸವೆತವಷ್ಟೇ ಲಾಭ. ಎರಡನೆಯ ದಿನ ರಿಜಿಸ್ಟ್ರಿಯ ಶುದ್ಧಿ. ಯಂತ್ರದ ಏರ್ಪಾಡುಗಳನ್ನು ಬರೆದಿಟ್ಟ ಆ ದಫ್ತರದಲ್ಲಿ ಹಳೆಯ ನಮೂದುಗಳಿದ್ದರೆ ಹಾನಿಯಿಲ್ಲ. ತಪ್ಪಾಗಿ ಅಳಿಸಿದರೆ ಹಾನಿಯುಂಟು. ಇದನ್ನು ತಿಳಿದದ್ದು ಆಮೇಲೆ.

ಮೂರನೆಯ ದಿನದ ಆಜ್ಞೆ ಹೀಗಿತ್ತು: ‘ಡೌನ್‌ಲೋಡ್ಸ್’ ಕೋಶದಲ್ಲಿರುವುದೆಲ್ಲ ಕಸ, ಅಳಿಸಿ; ಕಸದ ಬುಟ್ಟಿಯನ್ನೂ ಬರಿದು ಮಾಡಿ. ಎರಡನ್ನೂ ಶ್ರದ್ಧೆಯಿಂದ ಮಾಡಿದೆ.

ಆ ಕೋಶದಲ್ಲಿ ನನ್ನ ತಾಯಿಯ ದನಿಯಿತ್ತು. ಆಕೆ ಹೇಳುತ್ತಿದ್ದ ಹನ್ನೊಂದು ಬೀಸುವ ಪದಗಳನ್ನು ತಮ್ಮ ತನ್ನ ಫೋನಿನಲ್ಲಿ ಹಿಡಿದು ಇಮೇಲಿನಲ್ಲಿ ನನಗೆ ಕಳುಹಿಸಿದ್ದ. ಆಕೆ ಈಗಿಲ್ಲ. ಹಳೆಯ ಇಮೇಲುಗಳನ್ನು ಅಳಿಸಿಬಿಡುವ ಸೂಚನೆಯನ್ನು ಅಂದು ಬೆಳಿಗ್ಗೆಯೇ ಪಾಲಿಸಿಯಾಗಿತ್ತು.

ಹೊಸ ತಂತ್ರಾಂಶ ನಿಜವಾಗಿ ಕೇಳಿದ್ದೇನು? ನಾಲ್ಕು ಜಿಬಿ ರ್‍ಯಾಮ್, ಅರವತ್ತನಾಲ್ಕು ಜಿಬಿಯ ಡಿಸ್ಕು, ಒಪ್ಪುವ ಪ್ರೊಸೆಸರ್, ಟಿಪಿಎಂ ೨.೦ ಎಂಬ ಭದ್ರತೆಯ ಏರ್ಪಾಡು, ಇಂಥ ಕೆಲವು. ಇವೆಲ್ಲ ಉಂಟೋ ಇಲ್ಲವೋ ಎಂಬುದನ್ನು ತಯಾರಕರದೇ ಪುಟ್ಟ ತಂತ್ರಾಂಶವೊಂದು ನೋಡಿ ಹೇಳುತ್ತದೆ. ನನ್ನ ಯಂತ್ರ ತೇರ್ಗಡೆಯಾಯಿತು. ಮೂರು ದಿನ ಮೊದಲು ಕೇಳಿದ್ದರೂ ಆಗುತ್ತಿತ್ತು.

ಪಟ್ಟಿ ಕೊಟ್ಟವರನ್ನು ದೂರಲಾರೆ. ಅವರ ಕಾಳಜಿ ನಿಜವಾದದ್ದು. ಅದರ ಹದಿನಾಲ್ಕನೆಯ, ಕಟ್ಟಕಡೆಯ ಸೂಚನೆ ಹೀಗಿತ್ತು: “ನಿಮ್ಮ ಕಡತಗಳ ನಕಲು ಮಾಡಿ ಬೇರೆಡೆ ಇಡಿ.” ಅಗತ್ಯವಾಗಿದ್ದುದು ಅದೊಂದೇ. ನಾನು ಅಲ್ಲಿಗೆ ತಲಪುವ ವೇಳೆಗೆ ನಕಲು ಮಾಡಬೇಕಾದದ್ದು ಉಳಿದಿರಲಿಲ್ಲ.

ತಮ್ಮನ ಫೋನಿನಲ್ಲಿ ನಾಲ್ಕು ಪದಗಳು ಸಿಕ್ಕವು. ಅವನ್ನೀಗ ಮೂರು ಕಡೆ ಇಟ್ಟಿದ್ದೇನೆ. ಕಣಜವನ್ನು ಗುಡಿಸುವ ಮುನ್ನ ಬಿತ್ತನೆಯ ಬೀಜವನ್ನು ತೆಗೆದಿಡಬೇಕೆಂಬುದು ನನ್ನ ತಾಯಿಗೆ ಯಾರೂ ಬರೆದುಕೊಡದೆಯೇ ತಿಳಿದಿತ್ತು.